ಬಾಗಿಲೊಳಗೆ ನೀರು: ಕಾರಿನ ಟಿಂಕರಿಂಗ್ ಕೆಟ್ಟಾಗ ನಾನು ಮಾಡಿದ್ದು

ಬ್ರೇಕ್ ಹಾಕಿದಾಗಲೆಲ್ಲ ಬಲಗಡೆಯ ಹಿಂದಿನ ಬಾಗಿಲಿನಿಂದ ಗುಳುಗುಳು ಸದ್ದು. ಜೂನ್ ಎರಡನೇ ವಾರ, ಮಂಗಳೂರಿನ ಮಳೆ ಗೊತ್ತಲ್ವಾ, ಹಗಲು ರಾತ್ರಿ ಬಿಡದೆ ಸುರಿಯುತ್ತಿತ್ತು. ಸೀಟಿನ ಕೆಳಗೆ ನೀರಿನ ಬಾಟಲಿ ಉರುಳಾಡುತ್ತಿದೆ ಅಂದುಕೊಂಡೆ. ಕೂಳೂರು ಸೇತುವೆ ಹತ್ತಿರ ಬ್ಲಾಕ್‌ನಲ್ಲಿ ನಿಂತಾಗ ಕೈ ಹಾಕಿ ನೋಡಿದರೆ ಬಾಟಲಿಯೇ ಇರಲಿಲ್ಲ. ನೀರು ಇದ್ದದ್ದು ಬಾಗಿಲಿನ ಒಳಗೆ.

ಅದೇ ಬಾಗಿಲಿಗೆ ಏಪ್ರಿಲ್‌ನಲ್ಲಿ ಟಿಂಕರಿಂಗ್, ಅಂದರೆ ತಗ್ಗಿದ ತಗಡು ಸರಿ ಮಾಡಿ ಬಣ್ಣ ಹೊಡೆಯುವ ಕೆಲಸ, ಮಾಡಿಸಿದ್ದೆ. ನಂತೂರು ಸರ್ಕಲ್‌ನಲ್ಲಿ ಒಂದು ಬಸ್ಸು ಉಜ್ಜಿಕೊಂಡು ಹೋಗಿ ಹಿಂದಿನ ಬಾಗಿಲು ಚೆನ್ನಾಗಿಯೇ ಒಳಗೆ ಹೋಗಿತ್ತು, ಮುಂದಿನದ್ದಕ್ಕೆ ಗೀರು ಬಿದ್ದಿತ್ತು. ನನಗೆ 50% ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಇನ್ಶೂರೆನ್ಸ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಇತ್ತು. ಒಂದು ಸಲ ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಬರುತ್ತದೆ. ಹಾಗಾಗಿ ಕೈಯಿಂದಲೇ ಹಾಕಿ ಮಾಡಿಸೋಣ ಅಂತ ಒಂದು ಗ್ಯಾರೇಜಿಗೆ ಬಿಟ್ಟೆ. 22,000 ರೂಪಾಯಿ ಅಂದರು. "ಮಾತ ಸರಿ ಆಪುಂಡು" (ಎಲ್ಲ ಸರಿಯಾಗುತ್ತದೆ) ಅಂತ ತುಳುವಿನಲ್ಲಿ ಅಂದರು. ಐದು ದಿನ ಬಿಟ್ಟು ಸಂಜೆ ಏಳೂವರೆಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾರು ಕೊಟ್ಟರು, ಫಳಫಳ ಹೊಳೆಯುತ್ತಿತ್ತು, ನಾನು ದುಡ್ಡು ಕೊಟ್ಟು ಬಂದೆ.

ಮರುದಿನ ಬೈಕಂಪಾಡಿಯಲ್ಲಿ ಆಫೀಸಿನ ಮುಂದೆ ಬಿಸಿಲಲ್ಲಿ ನೋಡಿದಾಗ ಒಂದೇ ಕಾರಿನಲ್ಲಿ ಎರಡು ಬಣ್ಣ. ನನ್ನದು ಸಿಲ್ವರ್ ಮೆಟಾಲಿಕ್. ಈ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರುಗಳಿರುತ್ತವೆ. ಸ್ಪ್ರೇ ಗನ್ನಿನ ಪ್ರೆಶರ್, ಹಿಡಿದ ದೂರ ಸ್ವಲ್ಪ ಬದಲಾದರೂ ಆ ಚೂರುಗಳು ಬೇರೆ ರೀತಿ ಕೂರುತ್ತವೆ. ಪೈಂಟ್ ಕೋಡ್ ಒಂದೇ ಇದ್ದರೂ ಶೇಡ್ ಬೇರೆ ಕಾಣುತ್ತದೆ. ಅದಕ್ಕೇ ಒಳ್ಳೆಯ ಪೈಂಟರ್ ಪಕ್ಕದ ಪ್ಯಾನೆಲ್‌ಗೂ ಬಣ್ಣವನ್ನು ತೆಳುವಾಗಿ ಹರಡಿ ಬ್ಲೆಂಡ್ ಮಾಡುತ್ತಾನೆ. ಇಲ್ಲಿ ಬಾಗಿಲಿನ ಅಂಚಿಗೆ ಸರಿಯಾಗಿ ಟೇಪ್ ಹಚ್ಚಿ ಹೊಡೆದು ಬಿಟ್ಟಿದ್ದರು.

ವಾಪಸ್ ಹೋಗಿ "ಬಣ್ಣ ಚೆನ್ನಾಗಿ ಬಂದಿಲ್ಲ" ಅಂದೆ. "ಹೊಸ ಪೈಂಟ್ ಅಲ್ವಾ ಸರ್, ನಾಲ್ಕು ವಾಶ್ ಆದರೆ ಸೆಟ್ ಆಗ್ತದೆ" ಅಂದರು. ಸೆಟ್ ಆಗುವುದಿಲ್ಲ. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಒಣಗಿದ ಮೇಲೆ ತೊಳೆದರೆ ಶೇಡ್ ಸೇರುತ್ತದಾ? ಆಗ ನನಗೆ ಅಷ್ಟು ತಿಳಿದಿರಲಿಲ್ಲ, ಸುಮ್ನೆ ಬಂದೆ.

ಈಗ ನೀರಿನ ವಿಷಯ. ಕಿಟಕಿ ಗಾಜಿನ ರಬ್ಬರ್ ಎಷ್ಟೇ ಗಟ್ಟಿ ಇದ್ದರೂ ಮಳೆ ನೀರು ಸ್ವಲ್ಪ ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ನಾನು ಬಾಗಿಲು ತೆರೆದು, ನೆಲಕ್ಕೆ ಕೂತು ಅಡಿಯಿಂದ ನೋಡಿದೆ. ಮುಂದಿನ ಬಾಗಿಲಿನಲ್ಲಿ ಮೂರು ತೂತು ಕಂಡವು. ಹಿಂದಿನದ್ದರಲ್ಲಿ ಒಂದೂ ಇಲ್ಲ, ಸೀಲರ್ ಬಳಿದು ಮೇಲಿಂದ ಬಣ್ಣ ಹೊಡೆದು ಮುಚ್ಚಿದ್ದರು. ಹಿಡಿಸೂಡಿಯಿಂದ, ಅಂದರೆ ಪೊರಕೆಯಿಂದ, ಒಂದು ಕಡ್ಡಿ ತಂದು ಚುಚ್ಚಿದೆ. ಎರಡು ಸಲ ಚುಚ್ಚಿದ ಮೇಲೆ ಕಂದು ಬಣ್ಣದ ನೀರು ಸುರಿಯಿತು, ಒಂದು ಚೊಂಬಿನಷ್ಟು. ಕಂದು ಅಂದರೆ ತುಕ್ಕು ಶುರುವಾಗಿರಬಹುದು. ನಮ್ಮ ಉಪ್ಪು ಗಾಳಿಯಲ್ಲಿ ಇನ್ನೊಂದು ಮಳೆಗಾಲ ಹೀಗೇ ಬಿಟ್ಟಿದ್ದರೆ ಬಾಗಿಲಿನ ಅಡಿ ಒಳಗಿಂದಲೇ ತಿಂದು ಹೋಗುತ್ತಿತ್ತು. ಬಣ್ಣ ಸೇರದಿದ್ದದ್ದು ಬೇಜಾರು ಅಷ್ಟೇ, ಇದನ್ನು ನೋಡಿ ನಿಜವಾಗಿ ಸಿಟ್ಟು ಬಂತು.

ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್‌ಗೆ ತೆಳ್ಳಗಿನ ಬಟ್ಟೆ ಸುತ್ತಿ ಎರಡೂ ಬಾಗಿಲಿಗೆ ಇಟ್ಟು ನೋಡಿದೆ. ಮುಂದಿನದ್ದಕ್ಕೆ ಟಪ್ ಅಂತ ಹಿಡಿಯಿತು. ಹಿಂದಿನ ಬಾಗಿಲಿನ ನಡುವೆ ಇಟ್ಟರೆ ಜಾರಿ ನನ್ನ ಅಂಗೈಗೆ ಬಿತ್ತು. ಅಲ್ಲಿ ತಗಡಿನ ಮೇಲೆ ಪುಟ್ಟಿ, ಅಂದರೆ ತಗ್ಗು ತುಂಬಲು ಬಳಿಯುವ ಪೇಸ್ಟ್, ದಪ್ಪ ಇದೆ ಅಂತ ಅರ್ಥ. ಪುಟ್ಟಿ ಎರಡು ಮೂರು ಮಿಲಿಮೀಟರ್ ಮೀರಬಾರದು. ಜಾಸ್ತಿ ಆದರೆ ಬಿರುಕು ಬಿಡುತ್ತದೆ, ತೇವ ಎಳೆದುಕೊಂಡು ಗುಳ್ಳೆ ಏಳುತ್ತದೆ.

ಈ ಸಲ ಬರಿ ಬಾಯಿ ಮಾತಿಗೆ ಹೋಗಲಿಲ್ಲ. ವಿಡಿಯೋ ತೆಗೆದೆ, ನೀರು ಸುರಿದದ್ದು, ಮ್ಯಾಗ್ನೆಟ್ ಜಾರಿದ್ದು ಎರಡೂ. ಉಡುಪಿ ಸಂತೆಕಟ್ಟೆ ಕಡೆ ಪರಿಚಯದ ಒಬ್ಬ ಟಿಂಕರ್‌ಗೆ ತೋರಿಸಿ, ಏನು ತಪ್ಪಾಗಿದೆ, ಸರಿ ಮಾಡಲು ಎಷ್ಟಾಗುತ್ತದೆ ಅಂತ ಬರೆಸಿಕೊಂಡೆ. ಅಲ್ಲೇ ಮಾಡಿಸಿಬಿಡೋಣ ಅನ್ನಿಸಿತ್ತು, ಅವರೇ ಬೇಡ ಅಂದರು. ಬೇರೆಯವರು ಕೈ ಹಾಕಿದ ಮೇಲೆ ಮೊದಲಿನವರು ಸಲೀಸಾಗಿ "ಅದು ನಮ್ಮ ಕೆಲಸ ಅಲ್ಲ" ಅನ್ನಬಹುದು. ಒಳ್ಳೆಯ ಮಾತು.

ನನ್ನ ದೊಡ್ಡ ತೊಂದರೆ ಬಿಲ್ಲು. ನನ್ನ ಹತ್ತಿರ ಇದ್ದದ್ದು ಮೊತ್ತ ಬರೆದ ಒಂದು ಚೀಟಿ ಮಾತ್ರ. ಪುಣ್ಯಕ್ಕೆ ದುಡ್ಡು ಯುಪಿಐನಲ್ಲಿ ಹೋಗಿತ್ತು, ಎಸ್ಟಿಮೇಟ್ ವಾಟ್ಸಾಪ್‌ನಲ್ಲಿ ಇತ್ತು. ಅವೆಲ್ಲವನ್ನೂ ಸೇರಿಸಿ ಒಂದು ಪುಟದ ಪತ್ರ ಬರೆದೆ. ಕೆಟ್ಟ ಮಾತು ಒಂದೂ ಇಲ್ಲ. ತೂತು ಮುಚ್ಚಿದೆ, ಪುಟ್ಟಿ ದಪ್ಪ ಇದೆ, ಬ್ಲೆಂಡ್ ಮಾಡಿಲ್ಲ, 15 ದಿನದಲ್ಲಿ ಸರಿ ಮಾಡಿಕೊಡಿ, ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಷ್ಟೇ. ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ವಾಟ್ಸಾಪ್‌ನಲ್ಲೂ ಕಳಿಸಿದೆ. ಸುಮ್ನೆ ಹೆದರಿಸಲು ಬರೆದದ್ದಲ್ಲ, ಹೋಗುವವನೇ ಇದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಇಂಥ ಕೆಲಸ ಸೇವೆಯ ಕೊರತೆ ಅಂತ ಬರುತ್ತದೆ. ದೂರು ಕೊಡಲು ಎರಡು ವರ್ಷ ಟೈಮ್ ಇದೆ, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಫೀಸ್ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಆರನೇ ದಿನ ಗ್ಯಾರೇಜಿನಿಂದ ಫೋನ್ ಬಂತು. "ಬಣ್ಣ ಸರಿ ಇಲ್ಲ" ಅಂದಾಗ ನಕ್ಕು ಕಳಿಸಿದವರೇ "ಡ್ರೈನ್ ಹೋಲ್ ಮುಚ್ಚಿದೆ" ಅಂದ ಮೇಲೆ ಗಂಭೀರವಾಗಿ ಕೇಳಿದರು. ರಜೆ ಹಾಕಿ ಎದುರಲ್ಲೇ ನಿಂತೆ. ಗ್ರೈಂಡರ್‌ನಲ್ಲಿ ಪುಟ್ಟಿ ತೆಗೆಯುವಾಗ ಚೂರೊಂದು ಹಾರಿ ಬಿತ್ತು, ಎತ್ತಿ ನೋಡಿದರೆ ಒಂದು ರೂಪಾಯಿಯ ನಾಲ್ಕು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಬಾಗಿಲಿನ ಒಳಗಿನ ಪ್ಯಾಡ್‌ನ ಸ್ಕ್ರೂ ಮೇಲೆ ಹಳೆಯ ಧೂಳು ಹಾಗೇ ಕೂತಿತ್ತು. ಒಳಗಿಂದ ತಟ್ಟುವುದಿರಲಿ, ಪ್ಯಾಡನ್ನೇ ಬಿಚ್ಚಿರಲಿಲ್ಲ. ಕೆಲಸ ಮಾಡಿದ ಹುಡುಗ ಮೆಲ್ಲಗೆ ಹೇಳಿದ, ಆ ವಾರ ನಾಲ್ಕು ಕಾರು ಡೆಲಿವರಿ ಇತ್ತು ಸರ್ ಅಂತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಳಗಿಂದ ತಟ್ಟಿ ತಗಡು ಎಳೆಯಲು ಎರಡು ದಿನ ಬೇಕು, ಅವನಿಗೆ ಅರ್ಧ ದಿನ ಕೊಟ್ಟಿದ್ದರು.

ಈ ಸಲ ನಾನು ಕೇಳಿದ್ದು ಮೂರು ಫೋಟೋ. ತಗಡು ತಟ್ಟಿ ಪುಟ್ಟಿ ಹಾಕುವ ಮೊದಲು ಒಂದು, ಪುಟ್ಟಿ ಉಜ್ಜಿದ ಮೇಲೆ ಒಂದು, ಪ್ರೈಮರ್ ಆದ ಮೇಲೆ ಒಂದು. ಬಣ್ಣ ಬಿದ್ದ ಮೇಲೆ ಒಳಗಿನ ಕೆಲಸವನ್ನು ಯಾರೂ ನೋಡಲಾಗುವುದಿಲ್ಲ. ಯಾರೇ ರಿಪೇರಿಗೆ ಕಾರು ಬಿಡುವುದಿದ್ದರೂ ಇದೊಂದನ್ನು ಮೊದಲೇ ಮಾತಾಡಿಕೊಳ್ಳಿ, ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಬೇರೆ ಗ್ಯಾರೇಜು ನೋಡಿ. ಇನ್ಶೂರೆನ್ಸ್‌ನಲ್ಲಿ ಮಾಡಿಸುವವರು ಕೆಲಸ ತೃಪ್ತಿಯಾಗಿದೆ ಅನ್ನುವ ಕಾಗದಕ್ಕೆ ಬಿಸಿಲಲ್ಲಿ ಕಾರು ನೋಡದೆ ಸಹಿ ಹಾಕಬೇಡಿ.

ಒಂಬತ್ತು ದಿನ ಹಿಡಿಯಿತು, ಮಳೆ ಇತ್ತಲ್ಲ, ಒಣಗಬೇಕು. ಬೆಳಿಗ್ಗೆ ಹತ್ತಕ್ಕೆ ಹೋಗಿ ತಂದೆ. ಮುಂದಿನ ಬಾಗಿಲಿಗೆ ಬ್ಲೆಂಡ್ ಮಾಡಿದ್ದರು, ಶೇಡ್ ಸೇರಿತ್ತು. ಹಿಂದಿನದ್ದರಲ್ಲಿ ಸ್ವಲ್ಪ ಕಿತ್ತಳೆ ಸಿಪ್ಪೆಯ ಹಾಗೆ ತರಿ ಉಳಿದಿದೆ, ಅದನ್ನು ಒಪ್ಪಿಕೊಂಡೆ. ತೂತು ಮೂರೂ ತೆರೆದಿವೆ, ಒಳಗೆ ತುಕ್ಕಿಗೆ ವ್ಯಾಕ್ಸ್ ಹೊಡೆಸಿದೆ, ಸರಿಯಾದ ಬಿಲ್ಲನ್ನೂ ಬರೆಸಿಕೊಂಡೆ. ಆ ಹಿಡಿಸೂಡಿ ಕಡ್ಡಿ ಈಗಲೂ ಡ್ಯಾಶ್‌ಬೋರ್ಡ್‌ನಲ್ಲಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಾಲ್ಕೂ ಬಾಗಿಲಿನ ತೂತಿಗೆ ಹಾಕಿ ನೋಡುತ್ತೇನೆ.