ಬಚ್ಚಲಿಗೆ ಬಾರದ ನಾಯಿಗೆ ಗೋಣಿಚೀಲ

ನಮ್ಮ ಲ್ಯಾಬ್ರಡಾರ್ ರಾಣಿಗೆ ನೀರೆಂದರೆ ಪ್ರಾಣ. ಮಳೆಯಲ್ಲಿ ನೆನೆಯುತ್ತಾಳೆ, ಕೊಚ್ಚೆಯಲ್ಲೂ ಹೊರಳುತ್ತಾಳೆ. ಬಚ್ಚಲಿಗೆ ಕರೆದರೆ ಮಾತ್ರ ಮಂಚದ ಕೆಳಗೆ! ಅಂದರೆ ಹೆದರಿಕೆ ನೀರಿನದ್ದಲ್ಲ, ಅಲ್ವಾ? ಗಮನಿಸಿ ನೋಡಿದೆ. ಟೈಲ್ಸ್ ಒದ್ದೆಯಾದ ಕೂಡಲೇ ಅವಳ ಕಾಲು ಜಾರುತ್ತಿತ್ತು.

ಹಳೇ ಗೋಣಿಚೀಲವೊಂದನ್ನು ನೆನೆಸಿ ನೆಲಕ್ಕೆ ಹಾಸಿದೆ. ಅರ್ಧ ಜಗಳ ಅಲ್ಲೇ ಮುಗಿಯಿತು.

ಉಳಿದರ್ಧ ತಲೆಯದ್ದು. ತಲೆ ಒದ್ದೆಯಾದರೆ ನಾಯಿ ಮೈ ಕೊಡವದೆ ಬಿಡುವುದಿಲ್ಲ. ಆಗ ನಮಗೂ ಗೋಡೆಗೂ ಸ್ನಾನ. ಅದಕ್ಕೇ ಈಗ ಕುತ್ತಿಗೆಯಿಂದ ಹಿಂದಕ್ಕೆ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕುತ್ತೇನೆ. ಮುಖವನ್ನು ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಅಷ್ಟೇ. ಕಿವಿಗೆ ನೀರು ಹೋಗುವ ತಾಪತ್ರಯವೂ ತಪ್ಪಿತು. ಜೋಲುಕಿವಿಯ ನಾಯಿಗಳಿಗೆ ಒಳಗೆ ತೇವ ನಿಂತರೆ ಸೋಂಕು ಬೇಗ ಬರುತ್ತದೆ.

ಶಾಂಪೂ ನಾಯಿಯದ್ದೇ ಇರಲಿ. ಅವುಗಳ ಚರ್ಮ ನಮ್ಮದರ ಹಾಗಲ್ಲ, ನಮ್ಮ ಸೋಪಿಗೆ ಒಣಗಿ ಕೆರೆತ ಶುರುವಾಗಬಹುದು. ಕಂಕುಳು, ಹೊಟ್ಟೆಯ ಕೆಳಗೆ ಜಾಸ್ತಿ ನೀರು ಹಾಕಿ ತೊಳೆಯಿರಿ, ನೊರೆ ಉಳಿಯುವುದೇ ಅಲ್ಲಿ. ಸುಮ್ನೆ ವಾರವಾರ ಬೇಡ. ತಿಂಗಳಿಗೊಮ್ಮೆ ಸಾಕು, ಕೊಚ್ಚೆ ಮೆತ್ತಿಕೊಂಡು ಬಂದರೆ ಬೇರೆ ಮಾತು.

ಹೇರ್ ಡ್ರೈಯರ್ ಕಂಡರೆ ರಾಣಿಗೆ ಇನ್ನೂ ಆಗುವುದಿಲ್ಲ. ಟವೆಲಿನಲ್ಲಿ ಒರೆಸಿ ಟೆರೇಸಿನ ಬಿಸಿಲಿಗೆ ಬಿಡುತ್ತೇನೆ.