ಚರಟ ಮೊದಲು ಗುಂಡಿಗೆ, ಆಮೇಲೆ ಗಿಡಕ್ಕೆ

ಕಾಫಿ ಫಿಲ್ಟರಿನ ಚರಟವನ್ನು ದಿನಾ ಬೆಳಗ್ಗೆ ಗುಲಾಬಿ ಬುಡಕ್ಕೆ ಬಡಿಯುವುದು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಅನೇಕ ಮನೆಗಳ ರೂಢಿ. ಬಿಟ್ಟುಬಿಡಿ. ನುಣ್ಣನೆಯ ಪುಡಿ ಒಣಗಿದರೆ ರೊಟ್ಟಿಯಂತೆ ಹೆಪ್ಪುಗಟ್ಟಿ ನೀರು ಕೆಳಗಿಳಿಯದು. ಹಸಿಯಾಗಿ ಮಣ್ಣಿಗೆ ಬೆರೆಸಿದರೂ ತೊಂದರೆಯೇ. ಅದರಲ್ಲಿ ಸಾರಜನಕ ನೂರಕ್ಕೆ 2ರಷ್ಟಿದೆ ನಿಜ, ಆದರೆ ಕೊಳೆಯುವ ತನಕ ಬೇರಿಗೆ ಸಿಗದು. ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರವನ್ನು ಮೊದಲು ಉಂಡು ಎಲೆ ಹಳದಿಯಾಗುತ್ತದೆ. ಕೊತ್ತಂಬರಿ, ಮೆಂತ್ಯದ ಮಡಿಗಂತೂ ಹಾಕಲೇಬೇಡಿ, ಉಳಿದ ಕೆಫೀನು ಮೊಳಕೆಯನ್ನು ತಡೆಯುತ್ತದೆ. ಮಣ್ಣು ಹುಳಿಯಾದೀತು ಎಂಬ ಹೆದರಿಕೆ ಮಾತ್ರ ಬೇಡ. ಹುಳಿಯ ಬಹುಪಾಲು ಡಿಕಾಕ್ಷನ್ನಿಗೆ ಇಳಿದು ನಿಮ್ಮ ಹೊಟ್ಟೆ ಸೇರಿರುತ್ತದೆ.

ಚರಟವನ್ನು ತಟ್ಟೆಯಲ್ಲಿ ಹರಡಿ ಒಣಗಿಸಿ ಡಬ್ಬಕ್ಕೆ ತುಂಬಿಡಿ, ಬೂಷ್ಟು ಬಾರದು. ಬೆಲ್ಲ ಹಾಕಿ ಕುದಿಸಿದ ಕಾಫಿಯದಾದರೆ ತೊಳೆದು ಒಣಗಿಸಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಗೊಬ್ಬರದ ಗುಂಡಿಗೆ ಹಾಕುವಾಗ ಒಂದು ಬುಟ್ಟಿ ಚರಟಕ್ಕೆ ಮೂರು ಬುಟ್ಟಿ ತರಗೆಲೆ, ಒಂದು ಬುಟ್ಟಿ ಸಗಣಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ತಿಂಗಳಲ್ಲಿ ಮಾಗುತ್ತದೆ.

ಪಲ್ಪಿಂಗ್ ಕಾಲದಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ, ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಂದ ಹಣ್ಣಿನ ಸಿಪ್ಪೆ ಸಿಕ್ಕರೆ ಬಿಡಬೇಡಿ, ಪೊಟ್ಯಾಶ್ ಹೇರಳ. ಮುಕ್ಕಾಲು ಪಾಲು ನೀರೇ ಆದ್ದರಿಂದ ಎರಡು ದಿನ ಬಸಿಯಲು ಬಿಡಿ. ಆ ಕಂದು ನೀರು ಬಾವಿ, ಹಳ್ಳದ ಕಡೆ ಹರಿಯಕೂಡದು. ಆಮೇಲೆ ಅರ್ಧ ಅಡಿ ಸಿಪ್ಪೆ, ನಾಲ್ಕು ಬೆರಳು ತರಗು, ಮೇಲೆ ಸಗಣಿ ಬಗ್ಗಡ, ಹೀಗೆ ಮೂರು ಅಡಿ ಎತ್ತರ ಏರಿಸಿ. ತರಗಿಗೆ ಬರೀ ಸಿಲ್ವರ್ ಓಕ್ ಎಲೆ ಬೇಡ, ಅದು ಬೇಗ ಕರಗದು. ವಾರದಲ್ಲಿ ರಾಶಿಯೊಳಗೆ ಕೈಯಿಟ್ಟರೆ ಸುಡಬೇಕು. ಸುಡದೆ ನಾರುತ್ತಿದ್ದರೆ ಗಾಳಿಯಾಡುತ್ತಿಲ್ಲ, ಮಗುಚಿ ಇನ್ನಷ್ಟು ತರಗು ಸೇರಿಸಿ. ವಾಸನೆ ಹೋಗಲೆಂದು ಸುಣ್ಣ ಚೆಲ್ಲುವವರಿದ್ದಾರೆ; ಸುಣ್ಣ ತಗುಲಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಡಿಸೆಂಬರಿನಲ್ಲಿ ಹಾಕಿದ್ದು ಯುಗಾದಿ ಕಳೆಯುವ ಹೊತ್ತಿಗೆ ಕಪ್ಪಾಗಿ, ಮಣ್ಣಿನ ವಾಸನೆ ಬಂದಿರುತ್ತದೆ. ಕುಂಡಕ್ಕೆ ಒಂದು ಬೊಗಸೆ, ನಿಂಬೆ, ದಾಸವಾಳದಂಥ ಗಿಡಕ್ಕೆ ಎರಡು ಕಿಲೋ ಕೊಡಿ. ಉಳಿದದ್ದನ್ನು ಮಳೆಗಾಲಕ್ಕೆ ಮುಂಚೆ ತಗಡು ಮುಚ್ಚಿಡಿ, ಇಲ್ಲದಿದ್ದರೆ ಪೊಟ್ಯಾಶ್ ನೀರಲ್ಲಿ ತೊಳೆದುಹೋಗುತ್ತದೆ.

ಒಣ ಚೆರಿ ಹೊಟ್ಟು, ಅಂದರೆ ಇಡಿಯಾಗಿ ಒಣಗಿಸಿದ ಕಾಫಿ ಹಣ್ಣಿನಿಂದ ಬೀಜ ಬಿಡಿಸಿದಾಗ ಉಳಿಯುವ ಸಿಪ್ಪೆ, ಬೇಸಿಗೆಯಲ್ಲಿ ಗಿಡದ ಬುಡದ ಹೊದಿಕೆಗೆ ಒಳ್ಳೆಯದು. ಎರಡು ಅಂಗುಲ ದಪ್ಪ, ಕಾಂಡದಿಂದ ಒಂದು ಗೇಣು ದೂರ ಇರಲಿ. ಅದರಲ್ಲಿ ಉಳಿದ ಒಣಹಣ್ಣಿನಲ್ಲಿ ಕಾಫಿಯ ಕಾಯಿಕೊರಕ ಹುಳು ಅಡಗಿರುತ್ತದೆ, ಹಾಗಾಗಿ ಹಿತ್ತಲಲ್ಲಿ ಕಾಫಿ ಗಿಡವಿದ್ದವರು ಆ ಹಣ್ಣನ್ನು ಆರಿಸಿ ತೆಗೆದೇ ಹರಡಿ.