ಮಳೆ ನೀರಿನಿಂದ ಸರಿಯಾದ ನಮ್ಮ ಪೂಲ್: ನನ್ನ ಅನುಭವ

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟ್ ಪೂಲ್ ನನ್ನ ಕೈಯಲ್ಲಿದೆ. ಸುಮಾರು ಒಂದೂವರೆ ಲಕ್ಷ ಲೀಟರ್. ಮಳೆ ನೀರು ಬಿಟ್ಟು ಅದನ್ನು ಸರಿ ಮಾಡ್ತೀನಿ ಅಂದಾಗ ನನ್ನ ಹಾಗೆ ಪೂಲ್ ನೋಡಿಕೊಳ್ಳುವವರೇ ನಕ್ಕಿದ್ದರು. "ಮಳೆ ಬಂದರೆ ಪೂಲ್ ಕೆಡುತ್ತೆ ಅಂತ ಎಲ್ಲರೂ ಒದ್ದಾಡ್ತಾರೆ, ನೀನು ಮಳೆ ನೀರನ್ನೇ ಒಳಗೆ ಬಿಡ್ತೀಯಾ?" ಅಂದರು. ಅಲ್ಲಿಂದ ಈಚೆಗೆ ಪಾಚಿ ತಲೆ ಎತ್ತಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ವಿವರ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಪೂಲ್ ನನ್ನ ಕೈಗೆ ಬಂದಾಗ ಕ್ಲೋರಿನ್ 3 ಪಿಪಿಎಂ (ಲೀಟರ್‌ಗೆ 3 ಮಿಲಿಗ್ರಾಂ) ತೋರಿಸುತ್ತಿತ್ತು, ನೀರು ಮಾತ್ರ ಹಸಿರು. ಸಯನೂರಿಕ್ ಆಸಿಡ್ ಅಂತ ಒಂದಿದೆ, ಕ್ಲೋರಿನ್ ಬಿಸಿಲಿಗೆ ಹಾಳಾಗದಂತೆ ಹಿಡಿದಿಡುತ್ತದೆ, ಜಾಸ್ತಿಯಾದರೆ ಕ್ಲೋರಿನ್‌ಗೆ ಕೆಲಸ ಮಾಡಲು ಬಿಡಲ್ಲ. ಅದರ ಟೆಸ್ಟ್ ಮಾಡಿದರೆ ಟ್ಯೂಬು ಅರ್ಧ ತುಂಬುವ ಮೊದಲೇ ತಳದ ಕಪ್ಪು ಚುಕ್ಕೆ ಮಾಯ (ಬೇಗ ಮಾಯವಾದಷ್ಟೂ ಸಯನೂರಿಕ್ ಜಾಸ್ತಿ). ಟೆಸ್ಟ್‌ಗೆ ತೆಗೆದ ಪೂಲ್ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ನೋಡಿದೆ. 80 ಬಂತು. ಅಂದರೆ ನಿಜವಾಗಿ ಇದ್ದದ್ದು 160. ಹಿಂದಿನವರು ಟಿಸಿಸಿಎ (ಸಯನೂರಿಕ್ ಬೆರೆತ ಕ್ಲೋರಿನ್) ಟ್ಯಾಬ್ಲೆಟ್ ಬಿಟ್ಟು ಬೇರೆ ಕ್ಲೋರಿನ್ ಮುಟ್ಟಿರಲಿಲ್ಲ. ಟ್ಯಾಬ್ಲೆಟ್‌ನಿಂದ 10 ಪಿಪಿಎಂ ಕ್ಲೋರಿನ್ ಬಂದರೆ ಜೊತೆಗೆ 6 ಪಿಪಿಎಂ ಸಯನೂರಿಕ್ ಬರುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಇದು ಹೋಗಲ್ಲ. ದಿನಕ್ಕೆ 3 ಪಿಪಿಎಂ ಹಿಡಿದರೂ ಎರಡು ತಿಂಗಳಿಗೆ 100 ದಾಟುತ್ತದೆ. ಆಮೇಲೆ 3 ಕ್ಲೋರಿನ್ ಇದ್ದೂ ಇಲ್ಲದ ಹಾಗೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಆಲಂ (ಪಟಿಕ) ಹಾಕಿದರೆ ಮಾರನೇ ದಿನ ತಳ ಕಾಣುತ್ತಿತ್ತು. ಆದರೆ ತಳದ ಕೆಸರನ್ನು ವ್ಯಾಕ್ಯೂಮ್ ಮಾಡಿ ಹೊರಗೆ ಬಿಡುವಾಗ ಸಾವಿರಾರು ಲೀಟರ್ ನೀರು ಹೋಗುತ್ತಿತ್ತು. ವಾರ ತುಂಬುವಷ್ಟರಲ್ಲಿ ಮತ್ತೆ ಹಸಿರು. ಆಮೇಲೆ ತಾಮ್ರದ ಆಲ್ಜಿಸೈಡ್ (ಪಾಚಿ ಕೊಲ್ಲುವ ಔಷಧಿ). ಒಂದು ಕ್ಯಾನ್‌ಗೆ ಎರಡು ಸಾವಿರ ಚಿಲ್ಲರೆ. ಪಾಚಿ ಹೋಯಿತು ನಿಜ, ಆದರೆ ಮೆಟ್ಟಿಲ ಮೇಲೆ ಕಲೆ ಕೂತಿತು. ತಲೆ ನೆರೆತ ಒಬ್ಬ ಹಿರಿಯರ ಕೂದಲು ತೆಳು ಹಸಿರಾಯಿತು. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ನನ್ನ ಮರ್ಯಾದೆ ಹೋಯಿತು.

ಉಳಿದಿದ್ದು ಒಂದೇ ದಾರಿ, ನೀರು ಬದಲಿಸುವುದು. ಕಂಟ್ರಾಕ್ಟರ್ ಒಬ್ಬರು ಪೂರ್ತಿ ಖಾಲಿ ಮಾಡಿಸಿ ಅಂದರು. 12,000 ಲೀಟರ್ ಟ್ಯಾಂಕರ್ ಹನ್ನೆರಡು ಹದಿಮೂರು ಬೇಕು. ಅದು 2024ರ ಮಾರ್ಚ್. ಐದು ಕಿಲೋಮೀಟರ್ ಒಳಗೆ 1000 ರೂಪಾಯಿ ಅಂತ ಸರ್ಕಾರ ದರ ಕಟ್ಟಿತ್ತು. ನಮಗೆ ಅದರ ಒಂದೂವರೆ ಪಟ್ಟು ಕೊಟ್ಟರೂ ಸಿಗುತ್ತಿರಲಿಲ್ಲ. ಅದರ ಮೇಲೆ ಜಲಮಂಡಳಿ ಪೂಲ್‌ಗೆ ಕುಡಿಯುವ ನೀರು ಬಳಸಿದರೆ 5000 ದಂಡ ಅಂತ ಆದೇಶ ಹೊರಡಿಸಿತು. ಟ್ಯಾಂಕರ್ ಬಂದಿದ್ದರೂ ಬರುತ್ತಿದ್ದದ್ದು ಬೋರ್ ನೀರು. ಹಾರ್ಡ್‌ನೆಸ್ (ಗಡಸುತನ) 600, 700. ತುಂಬಿದ ದಿನ ಪಿಎಚ್ 7, ಗಾಳಿ ಆಡಿದರೆ ಮೂರೇ ದಿನಕ್ಕೆ 8 ದಾಟುವ ನೀರು. ಜೊತೆಗೆ ಕಬ್ಬಿಣ. (ಕಂದು ಕಲೆ ಕಬ್ಬಿಣದ್ದೋ ಬೇರೆಯದೋ ಅಂತ ಅನುಮಾನ ಇದ್ದರೆ ಒಂದು ವಿಟಮಿನ್ ಸಿ ಮಾತ್ರೆ ತಗೊಂಡು ಅದರ ಮೇಲೆ ಉಜ್ಜಿ. ಉಜ್ಜಿದ ಜಾಗ ಬೆಳ್ಳಗಾದರೆ ಕಬ್ಬಿಣ.)

ಆಗ ಹೊಳೆದದ್ದು ಇದು. ಫ್ಲಶ್‌ಗೂ ನೀರಿಲ್ಲ ಅಂತ ಜನ ಕೂಗಾಡುತ್ತಿದ್ದರು. ಪೂಲ್ ಹೇಗೂ ಬಂದ್ ಆಗಿತ್ತು. ಕ್ಲೋರಿನ್ ಹಾಕುವುದು ನಿಲ್ಲಿಸಿದೆ. ಅದು ಪೂರ್ತಿ ಇಳಿದ ಮೇಲೆ ನೀರನ್ನು ಸ್ವಲ್ಪಸ್ವಲ್ಪವಾಗಿ ಫ್ಲಶ್ ಟ್ಯಾಂಕಿಗೆ ಬಿಟ್ಟೆ. ಅವಸರ ಮಾಡಿದರೆ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಬ್ಯಾಕ್ಟೀರಿಯಾ ಸಾಯುತ್ತವೆ, ಅಲ್ವಾ? ಹೀಗೆ ಎಂಬತ್ತು ಸಾವಿರ ಲೀಟರ್ ಚಿಲ್ಲರೆ ಕೆಲಸಕ್ಕೆ ಬಂತು. ಉಳಿದದ್ದನ್ನು ಪೂಲ್‌ನಲ್ಲೇ ಬಿಟ್ಟೆ. ಪೂರ್ತಿ ಖಾಲಿ ಪೂಲ್ ಮಳೆಗಾಲದಲ್ಲಿ ಅಪಾಯ. ಕೆಳಗಿನ ನೀರು ಏರಿದರೆ ತೊಟ್ಟಿಯನ್ನೇ ಎತ್ತಿಬಿಡುತ್ತದೆ.

ಟೆರೇಸ್ ಪೈಪನ್ನು ಪೂಲ್ ಕಡೆ ತಿರುಗಿಸಲು ಪ್ಲಂಬರ್ ಖರ್ಚೂ ಸೇರಿ ಹತ್ತು ಹನ್ನೊಂದು ಸಾವಿರ ಆಯಿತು. ಮೊದಲ ನೀರು ಹೊರಗೆ ಹೋಗಲು ಒಂದು ವಾಲ್ವ್, ಆಮೇಲೆ ಒಂದು ಡ್ರಮ್ ಫಿಲ್ಟರ್. ಡ್ರಮ್ ಒಳಗೆ ಏನೇನು, ಯಾವ ಕ್ರಮದಲ್ಲಿ ತುಂಬಿದ್ದೇನೆ ಅನ್ನೋದು ಮಾತ್ರ ಹೇಳಲ್ಲ. ಅದು ನನ್ನ ಹೊಟ್ಟೆಪಾಡು.

ಮೇ ಮಳೆಯಲ್ಲಿ ಸ್ವಲ್ಪ ತುಂಬಿತು. ಜೂನ್ 2ರ ಭಾನುವಾರ ನಗರದಲ್ಲಿ 111 ಮಿಲಿಮೀಟರ್ ಸುರಿಯಿತಲ್ಲ, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿದ ಮಳೆ? ಉಳಿದದ್ದು ಆ ರಾತ್ರಿಯೇ ತುಂಬಿ ಓವರ್‌ಫ್ಲೋ ಆಯಿತು. ಬೆಳಿಗ್ಗೆ ನೀರು ತೆಳು ಡಿಕಾಕ್ಷನ್ ಬಣ್ಣದಲ್ಲಿತ್ತು. "ಹೇಳಿರಲಿಲ್ವಾ?" ಅಂದರು ಎಲ್ಲರೂ. ನಾನು ಬಣ್ಣ ನೋಡಲಿಲ್ಲ, ಟೆಸ್ಟ್ ಮಾಡಿದೆ. ಸಯನೂರಿಕ್ 70ರ ಆಸುಪಾಸು. ಹಾರ್ಡ್‌ನೆಸ್ 300 ಚಿಲ್ಲರೆ. 200 ಇದ್ದ ಆಲ್ಕಲಿನಿಟಿ (ನೀರಿನ ಕ್ಷಾರದ ಅಂಶ) 90ಕ್ಕೆ ಬಂದಿತ್ತು. ಆಲ್ಕಲಿನಿಟಿಯನ್ನು ಇಷ್ಟು ಆಸಿಡ್‌ನಲ್ಲಿ ಇಳಿಸಲು ಮೂವತ್ತು ಲೀಟರ್ ಮೇಲೆ ಬೇಕಿತ್ತು. ಆಕಾಶವೇ ಮಾಡಿಕೊಟ್ಟಿತು.

ಆಮೇಲೆ ಲಿಕ್ವಿಡ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಸಯನೂರಿಕ್ ಇಲ್ಲದ ಕ್ಲೋರಿನ್) ಹಾಕಿ ಕ್ಲೋರಿನ್ 25ರ ಮೇಲೆ ಏರಿಸಿ ಅಲ್ಲೇ ಹಿಡಿದೆ. ಗೋಡೆ ಉಜ್ಜಿದೆ, ಪಂಪ್ ಹಗಲೂ ರಾತ್ರಿ ಓಡಿಸಿದೆ. ಅಷ್ಟು ಕ್ಲೋರಿನ್‌ನಲ್ಲಿ ಡಿಪಿಡಿ (ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಟೆಸ್ಟ್) ಗುಲಾಬಿ ಮಿಂಚಿ ಬಿಳುಪಾಗಿಬಿಡುತ್ತದೆ. ಕ್ಲೋರಿನ್ ಇಲ್ಲ ಅಂದುಕೊಂಡು ಇನ್ನೂ ಸುರಿಯಬೇಡಿ, ಸ್ಯಾಂಪಲ್ ತೆಳು ಮಾಡಿ ನೋಡಿ. ರಾತ್ರಿ ಅಳೆದದ್ದಕ್ಕೂ ಬೆಳಕು ಹರಿಯುವ ಮೊದಲು ಅಳೆದದ್ದಕ್ಕೂ ಒಂದು ಪಿಪಿಎಂಗಿಂತ ಜಾಸ್ತಿ ವ್ಯತ್ಯಾಸ ಇಲ್ಲ, ಅಂದರೆ ಕ್ಲೋರಿನ್ ತಿನ್ನುವ ಪಾಚಿ ಉಳಿದಿಲ್ಲ ಅಂತಾದ ಮೇಲೇ ನಿಲ್ಲಿಸಿದೆ.

ಹಾಗಾದರೆ ಸಯನೂರಿಕ್ಕೇ ಬೇಡವಾ ಅಂತ ಸುಮ್ನೆ ಟೆರೇಸ್ ಮೇಲೆ ಎರಡು ಬಕೆಟ್ ಇಟ್ಟು ನೋಡಿದೆ. ಒಂದರಲ್ಲಿ ಬರೀ ಮಳೆ ನೀರು, ಇನ್ನೊಂದರಲ್ಲಿ ಪೂಲ್ ನೀರು. ಎರಡಕ್ಕೂ ಹೈಪೋ ಹಾಕಿ ಕ್ಲೋರಿನ್ 5ಕ್ಕೆ ತಂದಿಟ್ಟೆ. ಮಧ್ಯಾಹ್ನಕ್ಕೆ ಮಳೆ ನೀರಿನದು ಹೆಚ್ಚುಕಮ್ಮಿ ಸೊನ್ನೆ, ಪೂಲ್ ನೀರಿನದು ನಾಲ್ಕರ ಮೇಲೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬಿಸಿಲಿನ ಯುವಿ ಜೋರು. ಸಯನೂರಿಕ್ ಬೇಕು. ನೂರೈವತ್ತು ಬೇಡ.

ಈಗ ಸಂಜೆ ಬಿಸಿಲು ಇಳಿದ ಮೇಲೆ ನಾಲ್ಕು ಲೀಟರ್ ಹೈಪೋ. ಕ್ಲೋರಿನ್ 5ರಿಂದ 6, ಪಿಎಚ್ 7.5ರ ಹತ್ತಿರ, ಆಲ್ಕಲಿನಿಟಿ 70. ಆಲ್ಕಲಿನಿಟಿ ಕಮ್ಮಿ ಇಟ್ಟರೆ ಪಿಎಚ್ ಏರುವುದು ನಿಧಾನ, ಆಸಿಡ್ ವಾರಕ್ಕೊಮ್ಮೆ ಸಾಕು. ತಿಂಗಳಿಗೆ ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಹಿಂದೆ ಟ್ಯಾಬ್ಲೆಟ್, ಆಲಂ, ಆಲ್ಜಿಸೈಡ್ ಸೇರಿ ಆರು ಸಾವಿರ ದಾಟುತ್ತಿತ್ತು. ಹೈಪೋ ಕ್ಯಾನ್ ನೆರಳಲ್ಲಿಡಿ, ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ತರಿಸಿ. ಹಳೆಯದಾದರೆ ಹತ್ತು ಪರ್ಸೆಂಟ್ ಅಂತ ಬರೆದದ್ದು ಏಳೂ ಇರಲ್ಲ.

ಟ್ಯಾಬ್ಲೆಟ್ ಪೂರ್ತಿ ಬಿಟ್ಟಿಲ್ಲ. ನಾನು ಊರಿಗೆ ಹೋದಾಗ ಫ್ಲೋಟರ್‌ಗೆ (ನೀರಿನ ಮೇಲೆ ತೇಲುವ ಡಬ್ಬಿ) ಎರಡು ಹಾಕಿ ಹೋಗುತ್ತೇನೆ. ಆ ಫ್ಲೋಟರ್‌ಗೆ ಬ್ಲೀಚಿಂಗ್ ಪೌಡರ್ ಮಾತ್ರ ಯಾವತ್ತೂ ಹಾಕಬೇಡಿ. ಎರಡೂ ಸೇರಿದರೆ ಬೆಂಕಿ ಹತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ವಾಚ್‌ಮನ್‌ಗೂ ಇದನ್ನು ಹೇಳಿಟ್ಟಿರಿ.